ಅವಳ ಕಾರಿನ ಬಿಳಿ ದೀಪ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಹೇಗೂ ಮುಂದೆ ಓದಿದವರಿಗೆ ಗೊತ್ತಾಗಿಯೇ ಆಗುತ್ತದೆ. ಚಿಕ್ಕಂದಿನಲ್ಲಿ ತಂಗಿಯ ಲಂಗದ ಜರಿಯಂಚು ನನ್ನದಕ್ಕಿಂತ ಒಂದು ಬೆರಳು ಅಗಲವಿತ್ತೆಂದು ಎರಡು ಹೊತ್ತು ಊಟ ಬಿಟ್ಟವಳು ನಾನು. ಐವತ್ತು ದಾಟಿದ ಮೇಲೆ ಇದೆಲ್ಲ ತಾನಾಗಿ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಕಳೆದ ಮಳೆಗಾಲದಲ್ಲಿ ಇನ್ನೊಬ್ಬಳ ಕಾರಿನ ಎರಡು ದೀಪ ನೋಡಿ ನಾನು ಉರಿದುಹೋದೆ.

ನಾನಿರುವುದು ಅಂಕೋಲೆಯಲ್ಲಿ, ಕೆಲಸ ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ. ಹನ್ನೊಂದು ವರ್ಷದಿಂದ ನನ್ನ ಸಣ್ಣ ಕಾರಿನಲ್ಲೇ ಹೋಗಿ ಬರುತ್ತೇನೆ. ಆ ಹನ್ನೊಂದು ವರ್ಷವೂ ನನ್ನ ಪಕ್ಕದ ಸೀಟಿನಲ್ಲಿ ಕೂತವಳು ನನ್ನ ಗೆಳತಿ. ಅವಳದೂ ಅದೇ ಕಟ್ಟಡ, ವಿಭಾಗ ಬೇರೆ. ಬೆಳಿಗ್ಗೆ ಒಂಬತ್ತಕ್ಕೆ ಅವಳ ಗೇಟಿನೆದುರು ಎರಡು ಸಲ ಹಾರ್ನ್ ಹೊಡೆದರೆ ಒಂದು ಕೈಯಲ್ಲಿ ಡಬ್ಬಿ ಚೀಲ, ಇನ್ನೊಂದರಲ್ಲಿ ಅಬ್ಬಲಿ ಹೂವಿನ ದಂಡೆ ಹಿಡಿದು ಓಡಿಬರುತ್ತಿದ್ದಳು. ದಂಡೆಯನ್ನು ಹಲ್ಲಿನಿಂದ ಕಚ್ಚಿ ಎರಡು ಮಾಡಿ ದೊಡ್ಡ ತುಂಡನ್ನು ನನಗೆ ಕೊಡುತ್ತಿದ್ದಳು. ಅವರ್ಸಾ ದಾಟುವಷ್ಟರಲ್ಲಿ ಅವಳ ಮನೆಯ ಸುದ್ದಿ ಮುಗಿಯುತ್ತಿತ್ತು, ಅಮದಳ್ಳಿಗೆ ಬರುವಷ್ಟರಲ್ಲಿ ಆಫೀಸಿನದು. ಬಿಣಗಾ ದಾಟಿ ಸುರಂಗ ಹೊಕ್ಕರೆ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಅವಳು ಹೇಳಿದ್ದಕ್ಕೆಲ್ಲ ನಾನು ತಿದ್ದುಪಡಿ ಹಾಕುತ್ತಿದ್ದೆ, ಚೇಷ್ಟೆ ಮಾಡುತ್ತಿದ್ದೆ. ನಮ್ಮ ಪ್ರಯಾಣವೆಂದರೆ ಅಷ್ಟೇ.

ಆ ಸೀಟನ್ನು ನಾನು ಯಾರಿಗೂ ಹಿಂದೆಮುಂದೆ ಸರಿಸಲು ಬಿಡುತ್ತಿರಲಿಲ್ಲ. ನನ್ನ ಗಂಡನಿಗೆ ಕಾರು ಹೊಡೆಯಲು ಬರುವುದಿಲ್ಲ. ಭಾನುವಾರ ಎಲ್ಲಾದರೂ ಹೊರಟರೆ ಅವರು ಆ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಕೂರಬೇಕು. ‘ಒಂಚೂರು ಹಿಂದೆ ಮಾಡ್ಕಳ್ಲನೆ?’ ಎಂದು ಕೇಳುತ್ತಾರೆ. ‘ಬೇಡ, ಅದು ಅವಳ ಲೆಕ್ಕಕ್ಕೆ ಸರಿಯಾಗಿದೆ’ ಎನ್ನುತ್ತೇನೆ. ಅವರು ಹಿಂದಿನ ಸೀಟಿಗೆ ಹೋಗಿ ಕೂರುತ್ತಾರೆ.

ಆಷಾಢದಲ್ಲಿ ಒಮ್ಮೆ ಜ್ವರ ಬಂದು ಎರಡು ದಿನ ಮಲಗಿದೆ. ಮೂರನೆಯ ದಿನ ಬೆಳಿಗ್ಗೆ ಹಾರ್ನ್ ಹೊಡೆದೆ, ಗೆಳತಿ ಬಂದಳು, ದಂಡೆ ಕಚ್ಚಿದಳು, ನನ್ನ ಜ್ವರ ವಿಚಾರಿಸಿದಳು. ಕಾರು ಇನ್ನೂ ಊರು ದಾಟಿರಲಿಲ್ಲ.

‘ಈ ಎರಡು ದಿನ ನಾ ಹೆಂಗೆ ಬಂದೆ ಹೇಳು ನೋಡ್ವಾ?’

‘ಬಸ್ಸಿಗೆ.’

‘ಅಲ್ವೇ! ನಮ್ಮ ಮನೆ ಹಿಂದ್ಗಡೆ ಬಾಡಿಗೆಗೆ ಬಂದಾರಲೆ, ಹಣಕೋಣ ಊರಿನವ್ರು, ಅವ್ಳ ಕಾರಿಗೆ. ಕಾರವಾರದಲ್ಲೇ ವಿಮೆ ಆಫೀಸಲ್ಲಿ ಇದ್ದಾಳಂತೆ. ಹೊಸಾ ಕಾರು. ಏನು ಲೈಟು ಮಾರಾಯ್ತಿ ಅದರದ್ದು! ಆ ಮಳೇಲೂ ರಸ್ತೆ ಮೇಲಿನ ಕಪ್ಪೆ ಸೈತ ಎಣಿಸ್ಬಹುದಿತ್ತು. ನಂಗೆ ಹೆದ್ರಿಕೆನೇ ಆಗ್ಲಿಲ್ಲ.’

ಕೊನೆಯ ಮಾತು ನನಗೆ ಚುಚ್ಚಿತು. ಹಾಗಾದರೆ ಹನ್ನೊಂದು ವರ್ಷ ನನ್ನ ಪಕ್ಕ ಹೆದರಿಕೊಂಡೇ ಕೂತಿದ್ದಳೇ? ಕೇಳಲಿಲ್ಲ. ‘ಕಪ್ಪೆ ಎಣಿಸಿ ಯಾರಿಗೆ ವರದಿ ಕೊಡೂಕಿತ್ತು?’ ಎಂದೆ. ಅವಳು ನಕ್ಕಳು.

ಆ ಹಣಕೋಣದವಳನ್ನು ಅದೇ ವಾರ ನೋಡಿದೆ. ಮೂವತ್ತೈದರ ಆಸುಪಾಸು, ಕತ್ತಿನ ಮಟ್ಟದ ಕೂದಲು, ಯಾರೊಡನೆಯೂ ಗಟ್ಟಿಯಾಗಿ ಮಾತಾಡದ ಸ್ವಭಾವ. ನನ್ನನ್ನು ಕಂಡು ‘ನಮಸ್ಕಾರ ಅಕ್ಕಾ, ನಿಮ್ಮ ಸುದ್ದಿ ಭಾಳ ಕೇಳಿದ್ದೆ’ ಎಂದಳು. ಬೈಯಲು ಒಂದು ಕಾರಣವನ್ನೂ ಕೊಡದವರ ಮೇಲೆ ಬರುವ ಸಿಟ್ಟು ಬೇರೆಯೇ ತರದ್ದು. ಅವಳ ಕಾರು ಬಿಳಿ, ದೊಡ್ಡದು, ಬಾಗಿಲು ಹಾಕಿದರೆ ಸಪ್ಪಳವೇ ಇಲ್ಲ. ನನ್ನದರ ಎಡಬಾಗಿಲನ್ನು ಮೂರು ಸಲ ಎಳೆದು ಹಾಕಬೇಕು.

ಶ್ರಾವಣ ಹಿಡಿಯುವಷ್ಟರಲ್ಲಿ ಬೆಳಗು ನನ್ನದು, ಸಂಜೆ ಅವಳದು ಎಂದಾಯಿತು. ನನ್ನ ವಿಭಾಗದಲ್ಲಿ ಸಾಹೇಬರು ಐದೂವರೆಗೆ ಫೈಲು ತೆರೆಯುವ ಜಾತಿ, ಹೊರಡುವಾಗ ಆರಾಗುತ್ತದೆ. ‘ನಿಂಗೆ ತಡ ಆಗ್ತದಲೆ, ಅವ್ಳು ಐದೂವರೆಗೇ ಬಿಡ್ತಾಳೆ, ನಾ ಅವ್ಳ ಸಂಗ್ತಿಗೆ ಹೋಗ್ತೆ’ ಎಂದಳು ಗೆಳತಿ. ಹನ್ನೊಂದು ವರ್ಷ ಅದೇ ಸಾಹೇಬರ ಬಾಗಿಲ ಹೊರಗಿನ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕಾದವಳಿಗೆ ಈಗ ಅರ್ಧ ತಾಸು ತಡವಾಗತೊಡಗಿತು! ನಾನು ‘ಹೋಗು ಹೋಗು’ ಎಂದೆ. ಮೈಯೆಲ್ಲ ಉರಿಯುತ್ತಿತ್ತು. ತೋರಿಸಿಕೊಳ್ಳಲಿಲ್ಲ, ಹಾಗೆಂದು ನಾನು ಅಂದುಕೊಂಡಿದ್ದೆ.

ಬೆಳಗಿನ ಮಾತೂ ಮೊದಲಿನಂತಿರಲಿಲ್ಲ. ಎರಡು ಮಾತಿಗೊಮ್ಮೆ ‘ಅವ್ಳು ಹೇಳ್ತಿದ್ಲು’ ಬರುತ್ತಿತ್ತು. ಗೋಡಂಬಿಗೆ ಹುಳ ಬರದಿರಲು ಏನು ಮಾಡಬೇಕೆಂದು ಅವಳು ಹೇಳ್ತಿದ್ಲು. ಮೊಣಕಾಲು ನೋವಿಗೆ ಯಾವ ವ್ಯಾಯಾಮವೆಂದು ಅವಳು ಹೇಳ್ತಿದ್ಲು. ಒಂದು ದಿನ ಅಂಕೋಲೆಯಿಂದ ಕಾರವಾರದವರೆಗೆ ಹದಿನಾಲ್ಕು ಸಲ ಬಂತು, ನಾನು ಎಣಿಸಿದೆ. ನನ್ನ ಮೊಣಕಾಲೂ ನೋಯುತ್ತಿತ್ತು. ಆದರೆ ಆ ವ್ಯಾಯಾಮವನ್ನು ನಾನು ಸತ್ತರೂ ಮಾಡುವವಳಲ್ಲ.

ಸಂಜೆ ಒಬ್ಬಳೇ ಬರುವಾಗ ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇಡುತ್ತಿದ್ದೆ. ಎರಡೇ ದಿನಕ್ಕೆ ಅದನ್ನೂ ಹಿಂದೆ ಹಾಕಿದೆ. ವಿಚಿತ್ರವೆಂದರೆ, ಅವರು ನನಗಿಂತ ಅರ್ಧ ತಾಸು ಮೊದಲು ಹೊರಟರೂ ಅವರ್ಸಾ ದಾಟಿದ ಮೇಲೆ ಎಷ್ಟೋ ಸಲ ನನ್ನ ಮುಂದೆಯೇ ಸಿಗುತ್ತಿದ್ದರು. ಆ ದೊಡ್ಡ ಬಿಳಿ ಕಾರು ರಸ್ತೆಯ ಎಡಗಡೆ ಮೂವತ್ತರ ವೇಗದಲ್ಲಿ ತೆವಳುತ್ತಿತ್ತು. ಮೋಡ ಕವಿದ ಸಂಜೆ, ಮಳೆ, ಹಿಂದಿನ ಗಾಜಿನ ಮೇಲೆ ನೀರು. ನನಗೆ ಕಾಣುತ್ತಿದ್ದುದು ಎರಡು ತಲೆ, ಮತ್ತು ಅವುಗಳ ಮುಂದೆ ರಸ್ತೆಯುದ್ದಕ್ಕೂ ಹಾಲು ಚೆಲ್ಲಿದಂಥ ಬೆಳಕು. ಇವರು ಯಾಕಿಷ್ಟು ನಿಧಾನ? ಮಾತು ಮುಗಿಯಬಾರದೆಂದು. ಮನೆ ಬೇಗ ಬರಬಾರದೆಂದು. ನನಗೆ ಆಗ ಅದಲ್ಲದೆ ಬೇರೇನೂ ಹೊಳೆಯಲಿಲ್ಲ.

ಒಂದು ಸಂಜೆ ತಡೆಯಲಾಗಲಿಲ್ಲ. ಅವರ ಹಿಂದೆಯೇ ಹೋಗಿ ನನ್ನ ದೀಪವನ್ನು ಮೇಲಕ್ಕೆತ್ತಿ ಮೂರು ಸಲ ಪಕಪಕ ಮಾಡಿದೆ. ಐವತ್ತೊಂದು ವರ್ಷದ ಸರಕಾರಿ ನೌಕರಸ್ಥೆ ಮಾಡುವ ಕೆಲಸವೇ ಇದು? ಆದರೂ ಮಾಡಿದೆ. ಮುಂದಿನ ಕಾರು ಒಂದು ಸಲ ತಡವರಿಸಿ ಇನ್ನೂ ಎಡಕ್ಕೆ ಸರಿಯಿತು. ನಾನು ದಾಟಿ ಹೋದೆ. ದಾಟಿದ ಮೇಲೆ ಏನಾಯಿತೆಂದರೆ, ಹಿಂದಿನಿಂದ ಬಿದ್ದ ಅವರ ಬೆಳಕಿನಲ್ಲಿ ನನ್ನ ದೀಪದ ಬೆಳಕೇ ಕಾಣದಾಯಿತು. ಉರಿಯುತ್ತಿದೆಯೋ ಇಲ್ಲವೋ ಎಂದು ನಾನೇ ಗುಂಡಿ ಒತ್ತಿ ನೋಡಿದೆ. ಉರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಗೆಳತಿ, ‘ನಿನ್ನೆ ಯಾರೋ ಹಿಂದಿನಿಂದ ಲೈಟ್ ಹಾಕಿ ಹಾಕಿ ಜೀವ ತಿಂದ್ರು. ಎಂಥಾ ಜನ ಇರ್ತಾರೆ ಅಲ್ವೇ’ ಎಂದಳು. ‘ಹೌದೇ, ಇರ್ತಾರೆ’ ಎಂದೆ. ಅಮದಳ್ಳಿಯವರೆಗೆ ಅವಳ ಕಡೆ ತಿರುಗಿ ನೋಡಲಿಲ್ಲ.

ಹೊಸ ಬಲ್ಬು ಹಾಕಿಸಬೇಕೆಂದು ಆ ದಿನವೇ ತೀರ್ಮಾನಿಸಿದೆ. ನನ್ನ ತಲೆಯಲ್ಲಿ ವಿಷಯ ಬಹಳ ಸರಳವಾಗಿತ್ತು. ಗೆಳತಿ ಹೋದದ್ದು ಬೆಳಕಿಗಾಗಿ, ಹಣಕೋಣದವಳಿಗಿಂತ ಹೆಚ್ಚು ಬೆಳಕು ತಂದರೆ ವಾಪಸ್ಸು ಬರುತ್ತಾಳೆ. ಅಂಗಡಿ ಕಾರವಾರದಲ್ಲಿ ನಮ್ಮ ಆಫೀಸಿಗೆ ಹತ್ತು ನಿಮಿಷದ ದಾರಿ. ಗೋಡೆ ತುಂಬ ಬಲ್ಬಿನ ಪೆಟ್ಟಿಗೆ, ಬಾಗಿಲಲ್ಲೇ ಕಾರು ನಿಲ್ಲಿಸಿ ಹಾಕಿಸಿಕೊಳ್ಳುವ ಜಾಗ. ಅಂಗಡಿಯವನು ಅರವತ್ತರ ಹತ್ತಿರದ ಮನುಷ್ಯ. ಮನೆಮಾತು ಕೊಂಕಣಿ, ಹೆಂಗಸರನ್ನೆಲ್ಲ ‘ಬಾಯಿ’ ಎಂದೇ ಕರೆಯುತ್ತಾನೆ.

‘ಎಂಥಾದ್ದು ಬೇಕು ಬಾಯಿ?’

‘ಎಲ್ಲಕ್ಕಿಂತ ಜೋರಿಂದು.’

‘ಎಲ್ಲಕ್ಕಿಂತ ಅಂದ್ರೆ?’

ಹಣಕೋಣದವಳ ಕಾರಿನ ಹೆಸರು ಹೇಳಿ, ಅದಕ್ಕಿಂತ ಜೋರಾಗಿ ಉರಿಯಬೇಕು ಎಂದೆ. ಅವನು ನನ್ನನ್ನೊಮ್ಮೆ ನೋಡಿದ, ಆಮೇಲೆ ನನ್ನ ಕಾರನ್ನು ನೋಡಿದ. ನಗಲಿಲ್ಲ, ಪುಣ್ಯಾತ್ಮ. ಮೂರು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. ಮೊದಲನೆಯದು ಈಗ ನನ್ನ ಕಾರಿನಲ್ಲಿರುವಂಥದೇ ಹಳದಿ ಬೆಳಕಿನ ಬಲ್ಬು. ‘ಹಳೇ ಬಲ್ಬು ವರ್ಷ ಹೋದ್ಹಂಗೆ ಮಂಕಾಗ್ತದೆ. ಇದೇ ಹೊಸ್ದು ಹಾಕಿದ್ರೆ ಅರ್ಧ ವ್ಯತ್ಯಾಸ ಕಾಣ್ತದೆ’ ಎಂದ. ಎರಡನೆಯದು ಅಂಥದೇ, ಆದರೆ ವಾಟ್ ಜಾಸ್ತಿ. ಅದನ್ನು ಹಾಕಿದರೆ ಹಳೆಯ ವೈರು ಬಿಸಿಯಾಗಿ ಕರಗುತ್ತದೆ, ಪೋಲೀಸರು ಹಿಡಿಯುವುದೂ ಉಂಟು, ಬೇರೆ ವೈರು ಎಳೆಯಬೇಕು ಎಂದ. ಮೂರನೆಯದು ಬಿಳಿ ಎಲ್‌ಇಡಿ. ಅದನ್ನು ಬ್ಯಾಟರಿಗೆ ಹಚ್ಚಿ ತೋರಿಸಿದ. ಅಂಗಡಿಯ ಮೂಲೆಯ ಜೇಡನ ಬಲೆಯೂ ಕಂಡಿತು.

‘ಇದೇ’ ಎಂದೆ.

‘ಸ್ವಲ್ಪ ಕೇಳಿ ಬಾಯಿ. ಹೊಸಾ ಕಾರಿನ ದೀಪದ ಮನೆ ಬೇರೆ, ನಿಮ್ದು ಬೇರೆ. ನಿಮ್ಮದ್ರಾಗೆ ಇದನ್ನ ಹಾಕಿದ್ರೆ ಬೆಳಕು ರಸ್ತೆಗೆ ಬೀಳೂದಿಲ್ಲ, ಎಲ್ಲಾ ಕಡೆ ಚೆದರ್ತದೆ. ಮಳೆಗಾಲಕ್ಕೆ ಹಳದೀನೇ ಚಲೋ. ಮತ್ತೆ ನಿಮ್ಮ ಈ ಮುಂದಿನ ಗ್ಲಾಸು...’

ನಾನು ಪೂರ್ತಿ ಕೇಳಲಿಲ್ಲ. ಚಲೋ ಬೇಡ, ಬಿಳಿ ಬೇಕಿತ್ತು. ‘ಹಾಕಿ’ ಎಂದೆ. ಅವನು ಹಾಕಿದ. ವ್ಯಾಪಾರಿ ಎಷ್ಟೆಂದು ಹೇಳುತ್ತಾನೆ?

ಮರುದಿನ ಮಧ್ಯಾಹ್ನವೇ ನನಗೆ ತಲೆನೋವೆಂದು ಸಾಹೇಬರಿಗೆ ಹೇಳಿ, ಗೆಳತಿಯ ಮೇಜಿನ ಹತ್ತಿರ ಹೋದೆ. ‘ಇವತ್ತು ನಾನೂ ಐದೂವರೆಗೇ ಬಿಡ್ತೆ. ನನ್ನ ಕಾರಿಗೆ ಬಾ. ಹೊಸ ಲೈಟ್ ಹಾಕಿಸಿದ್ದೆ’ ಎಂದೆ. ಅವಳು ಫೋನ್ ತೆಗೆದು ಹಣಕೋಣದವಳಿಗೆ ‘ಇವತ್ತು ಬರೂದಿಲ್ಲ’ ಎಂದು ಹೇಳುವುದನ್ನು ನಿಂತುಕೊಂಡೇ ಕೇಳಿಸಿಕೊಂಡೆ. ಅಷ್ಟು ಖುಷಿ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ. ಹೊರಟ ಮೇಲೆ ಏನೇನೋ ಹಣ್ಣು ತರಕಾರಿ ಕೊಳ್ಳುವ ನೆಪ ಮಾಡಿ ಕಾರವಾರದಲ್ಲಿ ಮುಕ್ಕಾಲು ತಾಸು ಕಳೆದೆ. ಕತ್ತಲಾಗದೆ ದೀಪ ತೋರಿಸುವುದು ಹೇಗೆ?

ಅರಗಾ ದಾಟುವಾಗ ಕತ್ತಲೂ ಬಂತು, ಮಳೆಯೂ ಬಂತು. ದೀಪ ಹಾಕಿದೆ. ಎದುರಿಗೆ ಬಿಳಿ ಗೋಡೆ ಎದ್ದು ನಿಂತಿತು. ಒಂದೊಂದು ಮಳೆಹನಿಯೂ ಹೊಳೆಯುತ್ತಿತ್ತು, ಹನಿಯ ಆಚೆಗಿನ ರಸ್ತೆ ಮಾತ್ರ ಕಾಣುತ್ತಿರಲಿಲ್ಲ. ಆಚೆ ಬದಿಯಿಂದ ಬರುವ ಲಾರಿಯವರೆಲ್ಲ ನನಗೆ ದೀಪ ಮಿಟುಕಿಸಿ ಬೈಯುತ್ತ ಹೋದರು. ಗೆಳತಿ ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡಳು. ಮನೆಯ ಸುದ್ದಿಯಿಲ್ಲ, ಆಫೀಸಿನ ಸುದ್ದಿಯಿಲ್ಲ, ‘ಅವ್ಳು ಹೇಳ್ತಿದ್ಲು’ ಕೂಡ ಇಲ್ಲ. ಅಂಕೋಲೆಯ ಒಳರಸ್ತೆಯಲ್ಲಿ ಎದುರಿಗೆ ಬಂದ ಬೈಕಿನವನೊಬ್ಬ ಕಣ್ಣಿಗೆ ಕೈ ಅಡ್ಡ ಹಿಡಿದು ಚರಂಡಿಯ ಅಂಚಿಗೆ ಹೋಗಿ ನಿಂತ. ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡಿದ್ದ. ‘ನಿಮ್ಗೆ ಕಾಣ್ಬೇಕಂತ ನಮ್ಮ ಕಣ್ಣು ತೆಗೀತ್ರೇನು?’ ಎಂದು ಕೂಗಿದ.

ಗೇಟಿನ ಹತ್ತಿರ ಇಳಿಯುವಾಗ ಗೆಳತಿ ನನ್ನ ಮುಖ ನೋಡದೆ, ‘ಚಲೋ ಉಂಟು ಲೈಟು’ ಎಂದಳು. ನಲವತ್ತು ನಿಮಿಷ ಹಿಡಿ ಬಿಡದೆ ಕೂತವಳು ನನ್ನ ಸಮಾಧಾನಕ್ಕೆಂದು ಸುಳ್ಳು ಹೇಳಿದಳು. ಅವಳು ನನಗೆ ಸುಳ್ಳು ಹೇಳಬೇಕಾಗಿ ಬಂತಲ್ಲ ಎಂದು ಬಹಳ ಬೇಜಾರಾಯಿತು. ಮರುದಿನ ಸಂಜೆ ಅವಳು ಮತ್ತೆ ಆ ಬಿಳಿ ಕಾರಿಗೇ ಹೋದಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅಂಗಡಿಯವನ ಮೇಲೆ ಹರಿಹಾಯಲು ಹೋದೆ. ‘ಎಂಥಾ ಬಲ್ಬು ಕೊಟ್ರಿ ನೀವು? ದಾರಿಯೇ ಕಾಣೂದಿಲ್ಲ!’ ಅವನು ಪೇಪರು ಮಡಚಿಟ್ಟು ಎದ್ದು ಬಂದ. ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಡ್‌ಲೈಟಿನ ಗಾಜಿನ ಮೇಲೆ ಹೆಬ್ಬೆರಳು ಉಜ್ಜಿದ. ಮತ್ತೆ ಉಜ್ಜಿದ. ಕನ್ನಡಕ ಹಾಕಿಕೊಂಡು ನೋಡಿದ.

‘ಅವತ್ತೇ ಹೇಳೂಕೆ ಬಂದೆ, ನೀವು ಕೇಳ್ಲಿಲ್ಲ. ಇದನ್ನ ಎಂತದ್ರಿಂದ ಒರೆಸ್ತ್ರಿ ಬಾಯಿ?’

‘ಬೂದಿಯಿಂದ’ ಎಂದೆ.

‘ಯಾತರಿಂದ?’

‘ಬೂದಿ. ಬಚ್ಚಲೊಲೆದು. ಜಾಲಿಸಿ, ಒದ್ದೆ ಬಟ್ಟೆಗೆ ಹಚ್ಚಿ, ಪ್ರತಿ ಭಾನುವಾರ.’

ಹೆಮ್ಮೆಯಿಂದಲೇ ಹೇಳಿದೆ. ನನ್ನ ತವರು ಹಿಲ್ಲೂರು ಕಡೆ. ನಾನು ಸಣ್ಣವಳಿದ್ದಾಗ ನಮ್ಮ ಮನೆಗೆ ಕರೆಂಟಿರಲಿಲ್ಲ. ಸಂಜೆಯಾಗುತ್ತಲೇ ಮೂರು ಕಂದೀಲುಗಳ ಗಾಜು ತೆಗೆದು, ಒಲೆಯ ಬೂದಿಯಿಂದ ತಿಕ್ಕಿ, ಹಳೆಯ ಪಂಚೆಯ ತುಂಡಿನಿಂದ ಒರೆಸಿ ಇಡುವುದು ನನ್ನ ಪಾಲಿನ ಕೆಲಸ. ಗಾಜು ಚೊಕ್ಕವಿದ್ದಷ್ಟು ಬೆಳಕು ಎಂದು ಅವ್ವ ಹೇಳುತ್ತಿದ್ದಳು. ಮಸಿ ಹಿಡಿದ ಗಾಜು ಬೂದಿ ತಾಗಿದ ಕೂಡಲೇ ಫಳಫಳ ಆಗುತ್ತಿತ್ತು. ಕಾರು ಕೊಂಡ ಮೇಲೂ ಆ ಕೈ ಸುಮ್ಮನಿರಲಿಲ್ಲ. ಸಮುದ್ರದ ಗಾಳಿಗೆ ದೀಪದ ಮೇಲೆ ಅಂಟು ಕೂರುತ್ತದೆ, ಹನ್ನೊಂದು ವರ್ಷ ಒಂದು ಭಾನುವಾರ ಬಿಡದೆ ತಿಕ್ಕಿದ್ದೇನೆ. ಇತ್ತೀಚೆಗೆ ಬೆಳಕು ಕಡಿಮೆಯಾಯಿತೆನಿಸಿದಾಗ ಇನ್ನಷ್ಟು ಒತ್ತಿ ತಿಕ್ಕಿದೆ.

ಅಂಗಡಿಯವನು ಈ ಸಲ ನಕ್ಕ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ‘ಅರೇ ಬಾಯಿ, ಇದು ಗ್ಲಾಸಲ್ಲ, ಪ್ಲಾಸ್ಟಿಕ್! ಬೂದಿ ಹಾಕಿ ಹಾಕಿ ಗೀರಿ ಇಟ್ಟೀರಿ. ಇದರ ಒಳಗೆ ಸೂರ್ಯನ್ನೇ ತಂದು ಇಟ್ಟರೂ ಹೊರಗೆ ಬರೂದಿಲ್ಲ.’

ಮಾಡಿದ್ದುಣ್ಣೋ ಮಹರಾಯ. ನನ್ನ ದೀಪವನ್ನು ಮಂಕು ಮಾಡಿದ್ದು ವಯಸ್ಸಲ್ಲ, ಉಪ್ಪುಗಾಳಿಯಲ್ಲ, ನಾನೇ. ಬೇರೆಯವರು ಕಾರು ಒರೆಸದೆ ಹಾಳುಮಾಡುತ್ತಾರೆ, ನಾನು ಒರೆಸಿ ಒರೆಸಿ ಹಾಳುಮಾಡಿದ್ದೆ. ಆ ಮನುಷ್ಯ ಒದ್ದೆ ಮಾಡಿದ ಮರಳುಕಾಗದದಿಂದ ಒಂದು ತಾಸು ತಿಕ್ಕಿದ. ಮೊದಲು ಒರಟಿನದು, ಆಮೇಲೆ ನಯದ್ದು, ಕೊನೆಗೆ ಪಾಲಿಶ್. ತಿಕ್ಕಿದಂತೆಲ್ಲ ಹಾಲಿನ ಬಣ್ಣದ ನೀರು ಇಳಿಯಿತು. ಬಿಳಿ ಬಲ್ಬು ಕಿತ್ತು ಅವನೇ ವಾಪಸ್ಸು ಇಟ್ಟುಕೊಂಡ. ಅವನು ಮೊದಲ ದಿನ ತೋರಿಸಿದ್ದ ಆ ಸಾದಾ ಹಳದಿ ಬಲ್ಬಿನ ಹೊಸ ಜೋಡಿ ಹಾಕಿದ. ಅಂಗಡಿಯೆದುರಿನ ಗೋಡೆಗೆ ಕಾರು ಮುಖಮಾಡಿ ನಿಲ್ಲಿಸಿ, ಬೆಳಕು ಎಲ್ಲಿ ಬೀಳುತ್ತದೆಂದು ನೋಡಿ ತಿರುಪು ತಿರುಗಿಸಿ ಕೆಳಗಿಳಿಸಿದ. ಗೋಡೆಯ ಮೇಲೆ ಎರಡು ಹದವಾದ ಹಳದಿ ಪಟ್ಟಿ ಬಿದ್ದವು. ‘ಇನ್ಮೇಲೆ ಬೂದಿ ಪಾತ್ರೆಗೆ ಅಷ್ಟೇ’ ಎಂದ.

ಮರುದಿನ ಬೆಳಿಗ್ಗೆ ಗೆಳತಿಗೆ ಬೂದಿಯ ಕತೆ ಹೇಳಿದೆ. ನನ್ನ ಮೇಲೆ ನಾನೇ ಕತೆ ಹೇಳಿಕೊಂಡದ್ದು ಅದೇ ಮೊದಲಿರಬೇಕು. ಅವಳು ನಕ್ಕು ನಕ್ಕು ಸಾಕಾದಳು. ಆ ನಗು ಇಳಿಯುವ ಮೊದಲೇ ಕೇಳಿದೆ, ‘ಸಂಜೆ ನನ್ನ ಸಂಗ್ತಿಗೆ ಬರ್ತ್ಯಲೆ?’

‘ಇವತ್ತು ಬೇಡ್ವೇ. ನಾಳೆ ನೋಡ್ವಾ.’

ಮರುದಿನ ಕೇಳಿದರೆ ನಾಡಿದ್ದು ಎಂದಳು. ನಾಡಿದ್ದು ಕೇಳಿದರೆ ಹಬ್ಬ ಕಳೀಲಿ ಎಂದಳು. ದೀಪಾವಳಿ ಕಳೆಯಿತು. ಈಗ ನನಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಬೆಳಕು ಸರಿಯಾಗಿದೆ, ಮಳೆ ನಿಂತಿದೆ, ಸಾಹೇಬರು ರಜೆಯ ಮೇಲೆ ಹೋಗಿದ್ದಾರೆ, ನಾನೂ ಐದೂವರೆಗೇ ಹೊರಡಬಲ್ಲೆ. ಆದರೂ ಅವಳು ಬರುವುದಿಲ್ಲ. ಹಾಗಾದರೆ ಅವಳು ಬಿಟ್ಟದ್ದು ನನ್ನ ದೀಪವನ್ನಲ್ಲ, ನನ್ನನ್ನು. ರಾತ್ರಿ ಊಟಕ್ಕೆ ಕೂತಾಗ ಗಂಡನೆದುರು ಅತ್ತುಬಿಟ್ಟೆ. ಅವರು, ‘ಒಂದು ಸೀಟಿಗೆ ಇಷ್ಟು ಅಳೂದಾದ್ರೆ ನಾ ಎಷ್ಟು ಅಳ್ಬೇಕು’ ಎಂದರು. ಅಳುವಿನ ನಡುವೆಯೂ ನಗು ಬಂತು. ಆದರೆ ಹೊಟ್ಟೆಯೊಳಗಿನ ಕಿಚ್ಚು ಕಡಿಮೆಯಾಗಲಿಲ್ಲ.

ಆ ವಾರದ ಗುರುವಾರ. ನವೆಂಬರಿನಲ್ಲಿ ಆರು ಗಂಟೆಗೇ ಕತ್ತಲು. ನಾನು ಒಬ್ಬಳೇ ಬರುತ್ತಿದ್ದೆ. ಅವರ್ಸಾ ದಾಟಿ ಸ್ವಲ್ಪ ದೂರ ಬಂದಾಗ ಎಡಬದಿಯಲ್ಲಿ ಅದೇ ಬಿಳಿ ಕಾರು, ಅದೇ ತೆವಳುವ ನಡೆ. ನಾನು ಹತ್ತಿರವಾದೆ. ನನ್ನ ಹೊಸ ಬೆಳಕು ಅವರ ಹಿಂದಿನ ಗಾಜಿನ ಮೇಲೆ ಚೊಕ್ಕವಾಗಿ ಬಿತ್ತು. ಮಳೆಯಿಲ್ಲ, ನೀರಿಲ್ಲ. ಗಾಜಿನ ಮೂಲೆಯಲ್ಲಿ ಬಿಳಿ ಕಾಗದದ ಮೇಲೆ ಕೆಂಪು ಬಣ್ಣದ ‘ಎಲ್’ ಅಕ್ಷರ ಅಂಟಿಸಿತ್ತು. ಎಡಗಡೆಯ ಸೀಟಿನಲ್ಲಿ ಕತ್ತಿನ ಮಟ್ಟದ ಕೂದಲು. ಬಲಗಡೆ, ಸ್ಟಿಯರಿಂಗಿನ ಹಿಂದೆ, ತುರುಬು. ತುರುಬಿನಲ್ಲಿ ಅಬ್ಬಲಿ, ಬೆಳಿಗ್ಗೆ ನನಗೆ ದೊಡ್ಡ ತುಂಡು ಕೊಟ್ಟು ತಾನು ಮುಡಿದ ಸಣ್ಣ ತುಂಡು.

ನನ್ನ ಗೆಳತಿ ಕಾರು ಹೊಡೆಯುತ್ತಿದ್ದಳು.

ಬೆನ್ನು ಸೆಟೆದು ಕೂತಿತ್ತು. ಎರಡೂ ಮೊಣಕೈ ಮೇಲೆದ್ದಿದ್ದವು. ನನ್ನ ಬೆಳಕು ಅವಳ ಕನ್ನಡಿಗೆ ಹೋಗುತ್ತಿರಬೇಕೆಂದು ತಟ್ಟನೆ ಹೊಳೆದು ದೀಪ ಇಳಿಸಿದೆ, ವೇಗ ಕಡಿಮೆ ಮಾಡಿ ಹಿಂದೆ ಉಳಿದೆ. ಆಗ ನೆನಪಾಯಿತು. ಐದಾರು ವರ್ಷದ ಹಿಂದೆ ಅವಳು ನನ್ನನ್ನೂ ಕೇಳಿದ್ದಳು, ‘ನಂಗೂ ಒಂಚೂರು ಕಲಿಸೇ’ ಎಂದು. ಒಂದು ಭಾನುವಾರ ಮೈದಾನಕ್ಕೆ ಕರೆದೊಯ್ದು ಕೀಲಿ ಕೊಟ್ಟಿದ್ದೆ. ಕಾರು ಕಪ್ಪೆಯ ಹಾಗೆ ಹಾರಿ ಹಾರಿ ನಾಲ್ಕು ಸಲ ನಿಂತಿತು. ನಾನು ಹೊಟ್ಟೆ ಹಿಡಿದು ನಕ್ಕೆ. ‘ನಿಂಗ್ಯಾಕೆ ಮಾರಾಯ್ತಿ ಇದೆಲ್ಲ, ನಾನಿಲ್ವೇ?’ ಎಂದು ಕೀಲಿ ವಾಪಸ್ಸು ಇಸಿದುಕೊಂಡೆ. ಪ್ರೀತಿಯಿಂದಲೇ ಹೇಳಿದ್ದೆ. ಆಮೇಲೆ ಆ ನಾಲ್ಕು ಹಾರಾಟದ ಕತೆಯನ್ನು ಆಫೀಸಿನಲ್ಲಿ, ಮದುವೆ ಮನೆಗಳಲ್ಲಿ, ಅವಳೆದುರೇ, ಸೊಂಟ ಕುಣಿಸಿ ಅಭಿನಯಿಸಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿಸಲವೂ ಎಲ್ಲರ ಜೊತೆ ಅವಳೂ ನಗುತ್ತಿದ್ದಳು. ಮತ್ತೊಮ್ಮೆ ಕೇಳಲಿಲ್ಲ. ಅವಳಿಗೆ ಆ ಆಸೆಯೇ ಹೋಗಿದೆ ಎಂದು ನಾನು ತಿಳಿದಿದ್ದೆ.

ಮುಂದಿನ ಕಾರು ಅಂಕೋಲೆಯ ತಿರುವಿಗೆ ದೀಪ ಹಾಕಿತು, ಸರಿಯಾಗಿ ನಿಂತಿತು, ಎರಡೂ ಕಡೆ ನೋಡಿಕೊಂಡು ತಿರುಗಿತು. ಒಂದು ಸಲವೂ ಹಾರಲಿಲ್ಲ. ಖುಷಿಯಾಗಬೇಕಿತ್ತು. ಆಯಿತು ಕೂಡ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಮೊದಲು, ಅದಕ್ಕಿಂತ ಹೆಚ್ಚು, ಅದನ್ನು ಕಲಿಸಿದವಳು ನಾನಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಮರುದಿನ ಬೆಳಿಗ್ಗೆ ಅವಳ ಗೇಟಿನೆದುರು ಕಾರು ನಿಲ್ಲಿಸಿ ಇಳಿದೆ. ಸುತ್ತು ಬಂದು ಎಡಗಡೆಯ ಸೀಟಿನಲ್ಲಿ ಕೂತೆ. ಈ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಅವಳು ಚೀಲ ಹಿಡಿದು ಬಂದವಳು ಗೇಟಿನಲ್ಲೇ ನಿಂತಳು.

‘ಎಂತ ಆಯ್ತೇ? ಮೈಗೆ ಹುಷಾರಿಲ್ವಾ?’

‘ಹುಷಾರಿದ್ದೆ. ಇವತ್ತು ನೀ ಹೊಡಿ.’

ಅವಳ ಮುಖ ಕೆಂಪಾಯಿತು. ‘ಕಂಡ್ಯಾ?’ ಎಂದಳು.

‘ನಿನ್ನೆ ಕಂಡೆ. ಚಲೋ ಹೊಡೀತ್ಯೆ. ಬಾ, ಕೂತ್ಕೋ.’

ಅವಳು ಬಲಗಡೆಯ ಬಾಗಿಲಿನವರೆಗೆ ಬಂದಳು. ಹಿಡಿಯ ಮೇಲೆ ಕೈ ಇಟ್ಟಳು. ಹನ್ನೊಂದು ವರ್ಷದ್ದನ್ನೆಲ್ಲ ಇವತ್ತು ಒಂದೇ ಪ್ರಯಾಣದಲ್ಲಿ ಸರಿಮಾಡಿಬಿಡುತ್ತೇನೆ ಎಂದುಕೊಂಡಿದ್ದೆ. ಅವಳು ಬಾಗಿಲು ತೆರೆಯಲಿಲ್ಲ. ಕಿಟಕಿಯಲ್ಲಿ ಬಗ್ಗಿ ನನ್ನನ್ನು ನೋಡಿದಳು.

‘ಬೇಡ್ವೇ. ನಿನ್ನ ಎದುರಿಗೆ ನಂಗೆ ಕೈ ನಡುಗ್ತದೆ.’

‘ನಾ ಎಂತ ಮಾಡ್ತೆ ನಿಂಗೆ? ನಗೂದಿಲ್ಲ, ಆಣೆ.’

‘ನಗ್ದಿದ್ರೂ ನಡುಗ್ತದೆ.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ತಿರುಗಿ ಏನಾದರೂ ಹೇಳುತ್ತಿದ್ದೆ.

‘ಅವ್ಳ ಎದುರಿಗೆ?’ ಎಂದು ಕೇಳಿದೆ. ಕೇಳಬಾರದಿತ್ತು, ಆದರೆ ನನ್ನ ಬಾಯಿ ಎಂದು ಸುಮ್ಮನಿತ್ತು? ‘ನೀ ತಪ್ಪು ಮಾಡಿದ್ರೆ ಅವ್ಳು ಎಂತ ಮಾಡ್ತಾಳೆ?’

‘ಎಂತಾ ಮಾಡೂದಿಲ್ಲ. ಸುಮ್ನೆ ಕೂತಿರ್ತಾಳೆ.’

ನಾನು ಇಳಿದೆ. ಕಾರಿನ ಮುಂದಿನಿಂದ ಸುತ್ತಿ ಬಂದು ನನ್ನ ಸೀಟಿನಲ್ಲಿ ಕೂತೆ. ಅವಳೂ ಬಂದು ತನ್ನ ಸೀಟಿನಲ್ಲಿ ಕೂತು ಬಾಗಿಲನ್ನು ಮೂರು ಸಲ ಎಳೆದು ಹಾಕಿದಳು. ಸುಮ್ಮನೆ ಕೂತಿರಬೇಕೆಂದು ನಾನು ತುಟಿ ಬಿಗಿಹಿಡಿದೆ. ಅವರ್ಸಾ ಬರುವಷ್ಟರಲ್ಲಿ ಎರಡು ಸಲ ಬಾಯಿ ತೆರೆದಿದ್ದೆ.